ಬೆಟರ್: ಯಾವುದಕ್ಕಿಂತ?

ಬೆಟರ್ ಎನ್ನುವುದು ಇಂಗ್ಲಿಷಿನ 'ಗುಡ್' ಮತ್ತು 'ವೆಲ್' ಎಂಬ ಎರಡು ಪದಗಳ ತರರೂಪ. ಗುಡ್ ಗುಣವಾಚಕ, ವೆಲ್ ಕ್ರಿಯಾವಿಶೇಷಣ. ಹೋಲಿಕೆಗೆ ಬಂದಾಗ ಎರಡೂ ಬೆಟರ್ ಆಗುತ್ತವೆ. ಎರಡು ವಸ್ತುಗಳನ್ನೋ ಎರಡು ದಾರಿಗಳನ್ನೋ ಎದುರುಬದುರು ಇಟ್ಟು ಒಂದು ಇನ್ನೊಂದಕ್ಕಿಂತ ಮೇಲು ಎನ್ನುವುದು ಅದರ ಮೊದಲ ಕೆಲಸ. ಆದರೆ ಅದು ಅಲ್ಲಿಗೇ ನಿಂತಿಲ್ಲ. ರೋಗಿ ಚೇತರಿಸಿಕೊಂಡಾಗ, ಹೆಂಡತಿಯನ್ನು ಪರಿಚಯಿಸುವಾಗ, ಎಚ್ಚರಿಕೆ ಕೊಡುವಾಗ, ಜಮೀನಿನ ಮೇಲೆ ಕರ ಹಾಕುವಾಗಲೂ ಇಂಗ್ಲಿಷ್ ಇದೇ ಪದವನ್ನು ಕರೆಯುತ್ತದೆ. ಕನ್ನಡಿಗರ ದಿನದ ಮಾತಿನಲ್ಲೂ ಅದು ಸಲೀಸಾಗಿ ಸೇರಿಕೊಂಡಿದೆ: 'ಬಸ್ಸಿಗಿಂತ ರೈಲೇ ಬೆಟರ್', 'ನಿನ್ನೆಗಿಂತ ಇವತ್ತು ಬೆಟರ್', 'ಸುಮ್ಮನಿರೋದೇ ಬೆಟರ್'.

ಟಾಲ್‌ಗೆ ಟಾಲರ್, ಸ್ಮಾಲ್‌ಗೆ ಸ್ಮಾಲರ್ ಎಂದು ಕಲಿತ ಮಕ್ಕಳು ಗುಡ್‌ಗೆ ಗುಡರ್ ಏಕಿಲ್ಲ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಗುಡ್ ಮತ್ತು ಬೆಟರ್ ಒಂದೇ ಬೇರಿನಿಂದ ಬಂದವಲ್ಲ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲೇ ಈ ಸಾಲು 'ಗೋಡ್, ಬೆಟೆರ, ಬೆಟ್‌ಸ್ಟ್' ಎಂದಿತ್ತು. ಬೆಟ್‌ಸ್ಟ್ ನಾಲಿಗೆಯ ಮೇಲೆ ಸವೆದು ಬೆಸ್ಟ್ ಆಯಿತು. ಜರ್ಮನಿಕ್ ಬಳಗದ ಎಲ್ಲ ಭಾಷೆಗಳಲ್ಲೂ ಇದರ ದಾಯಾದಿಗಳಿವೆ: ಜರ್ಮನ್ನಿನ ಬೆಸ್ಸರ್, ಡಚ್ಚಿನ ಬೇಟರ್, ಸ್ವೀಡಿಷ್‌ನ ಬೆತ್ರೆ, ಐಸ್‌ಲ್ಯಾಂಡಿನ ಬೆತ್ರಿ. ನಾಲ್ಕನೇ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಗಾಥಿಕ್ ಭಾಷೆಗೆ ಬೈಬಲ್ ತಂದಾಗಲೇ ಆ ಭಾಷೆಯಲ್ಲಿ 'ಬತಿಜ' ಎಂಬ ರೂಪ ಬಳಕೆಯಲ್ಲಿತ್ತು.

ಈ ಬೇರಿನ ಅರ್ಥ ಲಾಭ, ಪ್ರಯೋಜನ, ಪರಿಹಾರ ಎಂಬ ಸುತ್ತಿನಲ್ಲಿದೆ. 'ಮೇಲಾಗಿ, ಅದರ ಜೊತೆಗೆ' ಎಂಬರ್ಥದಲ್ಲಿ ಇಂಗ್ಲಿಷಿನವರು 'ಟು ಬೂಟ್' ಎನ್ನುತ್ತಾರಲ್ಲ, ಅಲ್ಲಿನ ಬೂಟಿಗೂ ಕಾಲಿಗೆ ಹಾಕುವ ಬೂಟಿಗೂ ನಂಟಿಲ್ಲ. ಅದು ಬೆಟರ್‌ನ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣಕ್ಕೆ 'ಬೆಟ್' ಎಂಬ ಗಿಡ್ಡ ರೂಪ ಬೇರೆಯೇ ಇತ್ತು. 1400ರಲ್ಲಿ ತೀರಿಕೊಂಡ ಕವಿ ಚಾಸರ್ ಅದನ್ನು ಧಾರಾಳವಾಗಿ ಬಳಸಿದ್ದಾನೆ. ಆಮೇಲೆ ಬೆಟರ್ ಅದರ ಜಾಗವನ್ನೂ ತುಂಬಿತು.

ಹೀಗೆ ಒಂದು ಪದದ ರೂಪಾವಳಿಗೆ ಬೇರೊಂದು ಬೇರಿನ ಪದ ಬಂದು ಕೂರುವುದು ಇಂಗ್ಲಿಷಿನ ವಿಚಿತ್ರವೇನಲ್ಲ. 'ಒಳ್ಳೆಯ' ಎಂಬರ್ಥದ ಪದಕ್ಕೇ ಇದು ಭಾಷೆಯಿಂದ ಭಾಷೆಗೆ ಮತ್ತೆ ಮತ್ತೆ ಆಗಿದೆ. ಲ್ಯಾಟಿನ್ನಿನಲ್ಲಿ ಬೋನುಸ್, ಮೆಲಿಯೋರ್, ಆಪ್ಟಿಮುಸ್: ಮೂರಕ್ಕೆ ಮೂರೂ ಬೇರೆ. ಫ್ರೆಂಚಿನಲ್ಲಿ ಬೋನ್ ಇದ್ದದ್ದು ಮೆಯೂರ್ ಆಗುತ್ತದೆ, ಸ್ಪ್ಯಾನಿಷ್‌ನಲ್ಲಿ ಬುಯೆನೊ ಇದ್ದದ್ದು ಮೆಹೋರ್. ಹೆಚ್ಚು ಬಳಕೆಯಾಗುವ ಪದಗಳು ನಿಯಮಕ್ಕೆ ಬಗ್ಗುವುದಿಲ್ಲ; ಮಗು ಅವನ್ನು ಮೊದಲೇ ಕೇಳಿ ಇಡಿಯಾಗಿ ನೆನಪಿಟ್ಟುಕೊಂಡಿರುತ್ತದೆ. ಭಾಷಾವಿಜ್ಞಾನಿ ಜೊನಾಥನ್ ಬೊಬಾಲ್ಜಿಕ್ 2012ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೂರಾರು ಭಾಷೆಗಳ ಇಂಥ ರೂಪಗಳನ್ನು ಕಲೆಹಾಕಿ ಒಂದು ಸೊಗಸಾದ ನಿಯಮ ತೋರಿಸಿದರು. ತರರೂಪ ಬೇರೆ ಬೇರಿನದಾದರೆ ತಮರೂಪ ಮರಳಿ ಮೊದಲ ಬೇರಿಗೆ ಹೋಗುವುದಿಲ್ಲ. ಗುಡ್, ಬೆಟರ್, ಬೆಸ್ಟ್ ಇರಬಹುದು. ಲ್ಯಾಟಿನ್ನಿನಂತೆ ಮೂರು ಬೇರುಗಳೂ ಇರಬಹುದು. ಆದರೆ ಗುಡ್, ಬೆಟರ್, ಗುಡೆಸ್ಟ್ ಎಂಬ ಮಾದರಿ ಸಹಜ ಭಾಷೆಗಳಲ್ಲಿ ಬರುವುದಿಲ್ಲ ಎಂಬುದು ಅವರ ತೀರ್ಮಾನ.

ಬೇರು ಬೇರೆಯಾದರೂ ಬೆಸ್ಟ್‌ನ ಬಾಲ ಕನ್ನಡ ಓದುಗರಿಗೆ ಪರಿಚಿತವೇ. ಸಂಸ್ಕೃತದಲ್ಲಿ ತರ-ತಮ ಹೇಳಲು ಎರಡು ಜೋಡಿ ಪ್ರತ್ಯಯಗಳಿವೆ. 'ಉಚ್ಚತರ, ಉಚ್ಚತಮ' ಎಂಬಲ್ಲಿರುವ ತರ-ತಮ ಒಂದು ಜೋಡಿ. 'ಶ್ರೇಯಸ್, ಶ್ರೇಷ್ಠ' ಎಂಬಲ್ಲಿರುವ ಈಯಸ್-ಇಷ್ಠ ಇನ್ನೊಂದು. ಇಂಗ್ಲಿಷಿನ ಟಾಲರ್, ಟಾಲೆಸ್ಟ್ ಎಂಬಲ್ಲಿನ ಅರ್-ಎಸ್ಟ್ ಈ ಎರಡನೆಯ ಜೋಡಿಯ ದೂರದ ಬಂಧು. ಅಂದರೆ ನಾವು ದಿನವೂ ಹೇಳುವ ಶ್ರೇಷ್ಠ, ಕನಿಷ್ಠ, ಗರಿಷ್ಠ, ಜ್ಯೇಷ್ಠ ಪದಗಳ ಕೊನೆಯೂ ಬೆಸ್ಟ್ ಪದದ ಕೊನೆಯೂ ಒಂದೇ ಮೂಲದವು. ಸಂಸ್ಕೃತದಲ್ಲಿ 'ಹೆಚ್ಚು ಒಳ್ಳೆಯದು' ಎಂಬರ್ಥವಿದ್ದ ಶ್ರೇಯಸ್, ಕನ್ನಡದಲ್ಲಿ ಹೋಲಿಕೆಯ ನೆನಪನ್ನೇ ಬಿಟ್ಟುಕೊಟ್ಟು 'ಶ್ರೇಯಸ್ಸು' ಆಗಿದೆ. ತರ-ತಮ ಎಂಬ ಪ್ರತ್ಯಯಗಳ ಜೋಡಿಯಿಂದಲೇ 'ತಾರತಮ್ಯ' ಹುಟ್ಟಿತು. ಹೆಚ್ಚು-ಕಡಿಮೆಯನ್ನು ಗುರುತಿಸುವುದು ಎಂದಷ್ಟೇ ಅರ್ಥವಿದ್ದ ಆ ಪದಕ್ಕೆ ಇಂದು ಭೇದಭಾವದ ಅರ್ಥವೇ ಮುಂದೆ ನಿಂತಿದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಹಿಂದಿ, ಉರ್ದು ಬಲ್ಲವರು 'ಬೆಹತರ್' ಎಂಬ ಪದ ಕೇಳಿ ಅದಕ್ಕೂ ಬೆಟರ್‌ಗೂ ನಂಟು ಕಟ್ಟುವುದುಂಟು. ಸದ್ದೂ ಒಂದೇ, ಅರ್ಥವೂ ಒಂದೇ. ಆದರೆ ಬೆಹತರ್ ಪಾರಸಿಯ ಪದ. 'ಬೆಹ್' ಎಂದರೆ ಒಳ್ಳೆಯದು, ಅದಕ್ಕೆ 'ತರ್' ಪ್ರತ್ಯಯ ಸೇರಿದೆ. ಆ ತರ್ ಸಂಸ್ಕೃತದ ತರದ ಸಂಬಂಧಿ. ಇಂಗ್ಲಿಷಿನ ಬೆಟರ್‌ಗೂ ಅದಕ್ಕೂ ಇರುವುದು ಕಾಕತಾಳೀಯ ಹೋಲಿಕೆ ಮಾತ್ರ.

ಅರ್ಥದ ವಿಷಯಕ್ಕೆ ಬಂದರೆ, ಬೆಟರ್ ಕುರಿತು ಮೊದಲು ತಿಳಿಯಬೇಕಾದದ್ದು ಒಂದೇ: ಬೆಟರ್ ಆದದ್ದೆಲ್ಲ ಒಳ್ಳೆಯದೇ ಆಗಿರಬೇಕಿಲ್ಲ. ನೂರಕ್ಕೆ ಹನ್ನೆರಡು ಅಂಕ ತೆಗೆದವನಿಗಿಂತ ಇಪ್ಪತ್ತು ತೆಗೆದವನು ಬೆಟರ್, ಆದರೆ ಇಬ್ಬರೂ ನಪಾಸು. 'ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ' ಎಂಬ ಗಾದೆ ಹೇಳುವುದೂ ಇದನ್ನೇ. ಮೆಳ್ಳೆಗಣ್ಣು ಚೆಂದ ಎಂದು ಅದು ಹೇಳುತ್ತಿಲ್ಲ. ಅಮೆರಿಕದ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಈ ಬಗ್ಗೆ ಬರೆದ ಪ್ರಬಂಧ ಅವರು ತೀರಿಕೊಂಡ ಮೇಲೆ, 1944ರಲ್ಲಿ ಅಚ್ಚಾಯಿತು. ಒಳ್ಳೆಯದು, ದೊಡ್ಡದು ಎಂಬ ಪದಗಳು ನೋಡಲು ಸ್ವತಂತ್ರವಾಗಿ ಕಂಡರೂ ಅವುಗಳ ಹಿಂದೆ ಹೋಲಿಕೆಯೇ ಇದೆ ಎಂಬುದು ಅವರ ವಾದ. ವ್ಯಾಕರಣದ ಪುಸ್ತಕದಲ್ಲಿ ಗುಡ್ ಮೊದಲು, ಬೆಟರ್ ಆಮೇಲೆ. ಮನಸ್ಸಿನಲ್ಲಿ ಹೋಲಿಕೆಯೇ ಮೊದಲು.

ಬೆಟರ್‌ನ ಎದುರಾಳಿ 'ವರ್ಸ್' ಈ ವಿಷಯದಲ್ಲಿ ಅಷ್ಟು ಉದಾರಿಯಲ್ಲ. 1986ರಲ್ಲಿ ಅರ್ಥವಿಜ್ಞಾನದ ಮೇಲೆ ಪುಸ್ತಕ ಬರೆದ ಡಿ. ಎ. ಕ್ರೂಸ್ ಇಂಥ ಜೋಡಿಗಳ ಓರೆಕೋರೆಯನ್ನು ಚೆನ್ನಾಗಿ ಗಮನಿಸಿದ್ದಾರೆ. ಎರಡು ಕೆಟ್ಟ ಹೋಟೆಲುಗಳಲ್ಲಿ ಒಂದನ್ನು ಬೆಟರ್ ಎನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಎರಡು ಅದ್ಭುತ ಕಛೇರಿಗಳಲ್ಲಿ ಒಂದನ್ನು ವರ್ಸ್ ಎಂದರೆ ಮಾತ್ರ ಕಿವಿಗೆ ಚುಚ್ಚುತ್ತದೆ. ಅಲ್ಲಿ ಇಂಗ್ಲಿಷಿನವರು 'ಅಷ್ಟು ಚೆನ್ನಾಗಿರಲಿಲ್ಲ' ಎಂಬ ಸುತ್ತುದಾರಿ ಹಿಡಿಯುತ್ತಾರೆ.

ಹೋಲಿಕೆ ಎಂದಮೇಲೆ ಅಳತೆಗೋಲು ಬೇಕು. ಇಂಗ್ಲಿಷಿನಲ್ಲಿ ಅದನ್ನು ತರುವುದು 'ದ್ಯಾನ್', ಕನ್ನಡದಲ್ಲಿ 'ಗಿಂತ'. ಎರಡರ ಜಾಗ ಮಾತ್ರ ತಿರುಗುಮುರುಗು. ಕನ್ನಡದಲ್ಲಿ 'ಕಾಫಿಗಿಂತ ಕಷಾಯ ಒಳ್ಳೆಯದು' ಎಂದಾಗ ಯಾವುದಕ್ಕಿಂತ ಎಂಬುದು ಮೊದಲೇ ಬಂದುಬಿಡುತ್ತದೆ. ಒಳ್ಳೆಯದು ಎಂಬ ಪದ ತಾನು ಬದಲಾಗುವುದಿಲ್ಲ. ಹೋಲಿಕೆಯ ಭಾರವನ್ನೆಲ್ಲ ಗಿಂತ ಹೊರುತ್ತದೆ. ಇಂಗ್ಲಿಷಿನಲ್ಲಿ ಪದವೇ ರೂಪ ಬದಲಿಸುತ್ತದೆ, ದ್ಯಾನ್ ಕೊನೆಗೆ ಬರುತ್ತದೆ. ಕೊನೆಗೆ ಬರುವುದನ್ನು ಕತ್ತರಿಸುವುದು ಸುಲಭ. ಕತ್ತರಿಸಿದ ಮೇಲೂ ಬೆಟರ್ ಬೆಟರ್ ಆಗಿಯೇ ಉಳಿಯುತ್ತದೆ, ಯಾವುದಕ್ಕಿಂತ ಎಂಬುದಷ್ಟೇ ಮಾಯವಾಗುತ್ತದೆ. ಕನ್ನಡದಲ್ಲಿ ಗಿಂತ ಬಿಟ್ಟರೆ ಉಳಿಯುವುದು ಬರೀ ಒಳ್ಳೆಯದು. ಕನ್ನಡದ ಮಾತು ಬೆಟರ್ ಅನ್ನು ಇಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು. ಒಂಟಿಯಾಗಿ ನಿಂತೂ ಹೋಲಿಕೆ ಹೇಳಬಲ್ಲ ಪದ ಅದು.

ಜಾಹೀರಾತು ಬರೆಯುವವರಿಗೆ ಈ ಗುಣ ಚಿನ್ನದಂಥದ್ದು. ಬೆಟರ್ ರುಚಿ, ಬೆಟರ್ ಮೈಲೇಜ್, ಬೆಟರ್ ನಾಳೆ. ಯಾವುದಕ್ಕಿಂತ ಎಂದು ಹೇಳದಿದ್ದರೆ ಸುಳ್ಳೆಂದು ಸಾಬೀತು ಮಾಡುವುದೂ ಕಷ್ಟ. ಅಮೆರಿಕದ ನ್ಯಾಯಾಲಯಗಳು ಈ ಒಂದು ಪದವನ್ನು ಹಿಡಿದು ವಿಚಾರಣೆ ನಡೆಸಿದ ಪ್ರಕರಣವೊಂದು ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ಪಾಪಾ ಜಾನ್ಸ್ ಎಂಬ ಪಿಜ್ಜಾ ಕಂಪನಿಯ ಘೋಷವಾಕ್ಯ 'ಬೆಟರ್ ಇನ್‌ಗ್ರೀಡಿಯೆಂಟ್ಸ್, ಬೆಟರ್ ಪಿಜ್ಜಾ'. ಸಾಮಗ್ರಿ ಬೆಟರ್, ಪಿಜ್ಜಾ ಬೆಟರ್ ಎಂಬ ಈ ಮಾತು ಸುಳ್ಳು ಪ್ರಚಾರ ಎಂದು ಎದುರಾಳಿ ಪಿಜ್ಜಾ ಹಟ್ 1998ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತು. 1999ರಲ್ಲಿ ಜ್ಯೂರಿ ಪಿಜ್ಜಾ ಹಟ್ ಪರ ನಿಂತಿತು. ಘೋಷವಾಕ್ಯ ಬಳಸದಂತೆ ತಡೆಯಾಜ್ಞೆಯೂ ಬಂತು, ಪರಿಹಾರ ಕೊಡುವಂತೆ ಆದೇಶವೂ ಆಯಿತು.

2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದರ ತರ್ಕವನ್ನು ಹತ್ತಿರದಿಂದ ನೋಡಬೇಕು. ಬೆಟರ್ ಎಂಬುದು ಒಂಟಿಯಾಗಿ ನಿಂತಾಗ ಅಳೆದು ತೋರಿಸಬಹುದಾದ ಸಂಗತಿಯಲ್ಲ, ಮಾರುವವನ ಹೊಗಳಿಕೆ. ಯಾವ ಗಿರಾಕಿಯೂ ಅದನ್ನು ಅಕ್ಷರಶಃ ನಂಬಿ ಹಣ ಕೊಡುವುದಿಲ್ಲ. ಆದರೆ ಪಾಪಾ ಜಾನ್ಸ್ ತನ್ನ ಕೆಲವು ಜಾಹೀರಾತುಗಳಲ್ಲಿ ಎದುರಾಳಿಯ ಹಿಟ್ಟು ಮತ್ತು ಟೊಮೆಟೊ ಸಾಸ್‌ಗೆ ತನ್ನದನ್ನು ಹೋಲಿಸಿ, ಅದರ ಕೆಳಗೆ ಇದೇ ಘೋಷವಾಕ್ಯ ಹಾಕಿತ್ತು. ಆಗ ಬೆಟರ್‌ಗೆ ಒಂದು ಅಳತೆಗೋಲು ಸಿಕ್ಕಿ, ಹೊಗಳಿಕೆ ಹೋಗಿ ಅದು ಸಂಗತಿಯ ಹೇಳಿಕೆಯಾಯಿತು, ಜನರನ್ನು ತಪ್ಪುದಾರಿಗೆ ಎಳೆಯುವಂಥದ್ದೂ ಆಯಿತು ಎಂದು ನ್ಯಾಯಾಲಯ ಒಪ್ಪಿತು. ಅದನ್ನು ನಂಬಿಯೇ ಗಿರಾಕಿಗಳು ಕೊಂಡರು ಎಂಬುದನ್ನು ಮಾತ್ರ ಪಿಜ್ಜಾ ಹಟ್ ತೋರಿಸಿಕೊಡಲಿಲ್ಲ, ಹಾಗಾಗಿ ಸೋತಿತು. ಹೋಲಿಕೆಯ ಇನ್ನೊಂದು ತುದಿ ಕಾಣಿಸಿದಾಗ ಮಾತ್ರ ಬೆಟರ್‌ಗೆ ಹೊಣೆ ಬರುತ್ತದೆ ಎಂಬುದನ್ನು ವ್ಯಾಕರಣದ ಪುಸ್ತಕಗಳಿಗಿಂತ ಈ ತೀರ್ಪು ಸ್ಪಷ್ಟವಾಗಿ ಹೇಳಿದೆ.

ಆರೋಗ್ಯದ ಮಾತಿನಲ್ಲಿ ಬೆಟರ್‌ನ ನಡೆ ಇನ್ನೊಂದು ಬಗೆ. ರೋಗಿ 'ಐ ಆಮ್ ಬೆಟರ್' ಎಂದರೆ ಎರಡು ಅರ್ಥಗಳುಂಟು: ಮೊದಲಿಗಿಂತ ಪರವಾಗಿಲ್ಲ ಎಂಬುದು ಒಂದು, ಪೂರ್ತಿ ಗುಣವಾಗಿದೆ ಎಂಬುದು ಇನ್ನೊಂದು. ಎರಡನೆಯ ಅರ್ಥದಲ್ಲಿ 'ಕಂಪ್ಲೀಟ್ಲಿ ಬೆಟರ್' ಎನ್ನಲೂಬಹುದು. ಬೇರೆ ತರರೂಪಗಳಿಗೆ ಈ ಸ್ವಾತಂತ್ರ್ಯವಿಲ್ಲ; ಯಾರೂ ಪೂರ್ತಿಯಾಗಿ ಟಾಲರ್ ಆಗುವುದಿಲ್ಲ. ಕನ್ನಡದ ಒಂದು ಪದ ಈ ಎರಡೂ ಕೆಲಸವನ್ನು ಹಾಗೇ ಮಾಡುತ್ತದೆ, ಅದು 'ವಾಸಿ'. 'ಅದಕ್ಕಿಂತ ಇದು ವಾಸಿ' ಎಂದರೆ ಹೋಲಿಕೆ. 'ಗಾಯ ವಾಸಿಯಾಯಿತು' ಎಂದರೆ ಮಾದಿದೆ, ಮುಗಿಯಿತು. 'ಈಗ ಎಷ್ಟೋ ವಾಸಿ' ಎಂದರೆ ಇನ್ನೂ ನಡುದಾರಿಯಲ್ಲಿದೆ ಎಂದು. ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ಪದದೊಳಗೆ ಮೇಲನ್ನೂ ಗುಣಮುಖವನ್ನೂ ಕೂಡಿಸಿಟ್ಟಿರುವುದು ನಿಜಕ್ಕೂ ಬೆರಗಿನ ಸಂಗತಿ. ಬೆಟರ್‌ಗೆ ಕನ್ನಡ ಪದ ಹುಡುಕುವವರು ಸಂಸ್ಕೃತದ 'ಉತ್ತಮತರ'ದ ಕಡೆ ಹೋಗುವ ಮೊದಲು ಈ ವಾಸಿಯನ್ನು ನೆನೆಯಬೇಕು. ಮೇಲು, ಲೇಸು ಎಂಬ ಹಳೆಯ ಪದಗಳೂ ಜೊತೆಗಿವೆ.

ಭಾರತೀಯರು ಹೆಚ್ಚು ಎಡವುವುದು 'ಹ್ಯಾಡ್ ಬೆಟರ್' ಎಂಬ ಬಳಕೆಯಲ್ಲಿ. 'ಯು ಹ್ಯಾಡ್ ಬೆಟರ್ ಗೋ' ಎಂಬಲ್ಲಿ ಹ್ಯಾಡ್ ಇದ್ದರೂ ಅದು ಭೂತಕಾಲವಲ್ಲ. ಮಾತು ಈಗಿನದು ಅಥವಾ ಮುಂದಿನದು. ಹ್ಯಾಡ್ ಮಾತಿನಲ್ಲಿ ಸವೆದು ಬರೀ 'ಡ್' ಆಗುತ್ತದೆ, ಕೆಲವೊಮ್ಮೆ ಪೂರ್ತಿ ಬಿದ್ದುಹೋಗುತ್ತದೆ. ಉಳಿದ ಡ್ ಅನ್ನು 'ವುಡ್' ಎಂದು ಬಿಡಿಸಿ ಬರೆಯುವುದು ತಪ್ಪು. ಅದಕ್ಕಿಂತ ಮುಖ್ಯವಾದದ್ದು ಧಾಟಿ. ಕನ್ನಡದಲ್ಲಿ 'ನೀವು ಈಗಲೇ ಹೊರಡುವುದು ಒಳ್ಳೆಯದು, ಸಾರ್' ಎಂದರೆ ಕಾಳಜಿಯ ಮಾತು. ಅದನ್ನೇ ಮೇಲಧಿಕಾರಿಗೆ 'ಯು ಹ್ಯಾಡ್ ಬೆಟರ್ ಲೀವ್ ನೌ, ಸರ್' ಎಂದು ಹೇಳಿದರೆ ಇಂಗ್ಲಿಷ್ ಕಿವಿಗೆ 'ಹೊರಡದಿದ್ದರೆ ಕೆಡುಕಾದೀತು' ಎಂಬ ಬೆದರಿಕೆ ಕೇಳಿಸುತ್ತದೆ. ತಾಯಿ ಮಗನಿಗೆ, ಗೆಳೆಯ ಗೆಳೆಯನಿಗೆ ಹೇಳಬಹುದಾದ ಮಾತದು. ಅರ್ಜಿ, ಇಮೇಲ್‌ಗಳಲ್ಲಿ ಬಿಡುವುದೇ ಸರಿ. ಇಂಗ್ಲಿಷ್ ಚೆನ್ನಾಗಿಯೇ ಬಲ್ಲವರೂ ಇದರಿಂದಾಗಿ ಒರಟರೆಂಬ ಹೆಸರು ಪಡೆಯುತ್ತಾರೆ.

'ಮೋರ್ ಬೆಟರ್' ಎಂಬುದು ಇಂದು ತಪ್ಪು. ತರರೂಪದ ಮೇಲೆ ಮತ್ತೊಂದು ತರರೂಪ ಏರಿಸಿದಂತಾಗುತ್ತದೆ. ಆದರೆ ಇದನ್ನು ಬರೀ ಅರೆಕಲಿತವರ ದೋಷ ಎನ್ನಲಾಗದು. ಷೇಕ್ಸ್‌ಪಿಯರನ 'ದ ಟೆಂಪೆಸ್ಟ್' ನಾಟಕದಲ್ಲಿ ಪ್ರಾಸ್ಪೆರೊ ಈ ಜೋಡಿಯನ್ನೇ ಬಳಸುತ್ತಾನೆ. ಒತ್ತು ಕೊಡಲು ಎರಡು ಸಲ ಹೇಳುವುದು ಆ ಕಾಲಕ್ಕೆ ಸಹಜವಾಗಿತ್ತು. ಹದಿನೆಂಟನೇ ಶತಮಾನದ ವ್ಯಾಕರಣಕಾರರು, ಮುಖ್ಯವಾಗಿ 1762ರಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ರಾಬರ್ಟ್ ಲೌತ್, ಇಂಥ ಇಮ್ಮಡಿ ರೂಪಗಳನ್ನು ಖಂಡಿಸಿದರು. ಶಾಲೆಗಳು ಅದನ್ನೇ ಹಿಡಿದವು. ಕನ್ನಡಿಗರು 'ಇನ್ನೂ ಬೆಟರ್', 'ತುಂಬಾ ಬೆಟರ್' ಎಂದು ರೂಢಿಯಾಗಿ ಇಂಗ್ಲಿಷಿನಲ್ಲೂ 'ಮೋರ್ ಬೆಟರ್', 'ವೆರಿ ಬೆಟರ್' ಎಂದುಬಿಡುತ್ತಾರೆ. ಅಲ್ಲಿ ಬೇಕಾದದ್ದು 'ಮಚ್ ಬೆಟರ್', 'ಫಾರ್ ಬೆಟರ್', 'ಈವನ್ ಬೆಟರ್'. ಇಬ್ಬರಲ್ಲಿ ಒಬ್ಬರನ್ನು ಆರಿಸುವಾಗ ಬೆಸ್ಟ್ ಅಲ್ಲ, ಬೆಟರ್ ಎನ್ನಬೇಕೆಂಬ ನಿಯಮವೂ ಇದೆ. ಇಂಗ್ಲಿಷಿನವರೇ ಅದನ್ನು ಪೂರ್ತಿ ಪಾಲಿಸುವುದಿಲ್ಲ: ಇರುವುದು ಎರಡೇ ಕಾಲು, ಆದರೂ ಅವರ ನಾಣ್ಣುಡಿ ಮುಂದಿಡಲು ಹೇಳುವುದು 'ಬೆಸ್ಟ್' ಪಾದವನ್ನು.

ಕೆಲವು ನುಡಿಗಟ್ಟುಗಳಲ್ಲಿ ಬೆಟರ್‌ಗೆ 'ಹೆಚ್ಚು' ಎಂಬ ಅರ್ಥವಿದೆ, 'ಒಳ್ಳೆಯ' ಎಂದಲ್ಲ. ದಿನದ 'ಬೆಟರ್ ಪಾರ್ಟ್' ಎಂದರೆ ದಿನದ ಬಹುಪಾಲು. ಹೆಂಡತಿಯನ್ನು 'ಬೆಟರ್ ಹಾಫ್' ಎನ್ನುವುದರಲ್ಲೂ ಆ ಛಾಯೆ ಇದೆ: ನನ್ನಲ್ಲಿ ಅರ್ಧಕ್ಕಿಂತ ಹೆಚ್ಚು ನೀನೇ ಎಂದು. ಸರ್ ಫಿಲಿಪ್ ಸಿಡ್ನಿಯ 'ಆರ್ಕೇಡಿಯ' 1590ರಲ್ಲಿ, ಲೇಖಕ ತೀರಿಕೊಂಡು ನಾಲ್ಕು ವರ್ಷಗಳ ಮೇಲೆ ಅಚ್ಚಾಯಿತು. ಅದರಲ್ಲಿ ಸಾಯುತ್ತಿರುವ ಗಂಡ ಹೆಂಡತಿಯನ್ನು ಹೀಗೆ ಕರೆಯುತ್ತಾನೆ. ಅರ್ಧಾಂಗಿ ಎಂಬ ಪದವುಳ್ಳ ನಾಡಿಗೆ ಈ ಭಾವ ಹೊಸದಲ್ಲ. 'ಬೆಟರ್ಸ್' ಎಂದು ಬಹುವಚನದಲ್ಲಿ ಹೇಳಿದರೆ ಅಂತಸ್ತಿನಲ್ಲಿ ಮೇಲಿನವರು. ಕೆಲಸದವರು 'ಬೆಟರ್ಸ್' ಎದುರು ಬಾಯಿ ಬಿಡಬಾರದು ಎಂದು ಒಂದು ಕಾಲದ ಇಂಗ್ಲೆಂಡ್ ನಂಬಿತ್ತು. ಹುಟ್ಟಿನಿಂದಲೇ ಕೆಲವರನ್ನು ಬೆಟರ್ ಎಂದ ಆ ಬಳಕೆ ಇಂದು ಹಿಂದೆ ಸರಿದಿರುವುದು ಒಳ್ಳೆಯದೇ ಆಯಿತು.

ಬೆಟರ್ ಕ್ರಿಯಾಪದವೂ ಹೌದು. ಅದರಿಂದ ಬಂದದ್ದು 'ಬೆಟರ್‌ಮೆಂಟ್'. ಸರ್ಕಾರದ ಖರ್ಚಿನಲ್ಲಿ ರಸ್ತೆಯೋ ಕಾಲುವೆಯೋ ಬಂದು ಖಾಸಗಿ ಜಮೀನಿನ ಬೆಲೆ ಏರಿದರೆ, ಆ ಏರಿಕೆಗೆ ಕಾನೂನಿನ ಭಾಷೆಯಲ್ಲಿ ಇದೇ ಹೆಸರು. 1909ರ ಬ್ರಿಟನ್ನಿನ ನಗರ ಯೋಜನೆ ಕಾಯ್ದೆ ಇಂಥ ಏರಿಕೆಯ ಅರ್ಧವನ್ನು ಮಾಲೀಕರಿಂದ ವಸೂಲು ಮಾಡಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಆ ಕಲ್ಪನೆ ಭಾರತಕ್ಕೂ ಬಂತು. ಬೆಂಗಳೂರಿನಲ್ಲಿ ನಿವೇಶನದ ಖಾತೆ ಮಾಡಿಸಲು ಅಲೆದವರಿಗೆಲ್ಲ 'ಬೆಟರ್‌ಮೆಂಟ್ ಚಾರ್ಜ್' ಗೊತ್ತು.

ಹಳ್ಳಿಗಳಿಗೆ ಅದು ನೀರಾವರಿಯ ಮೂಲಕ ಬಂತು. ಕರ್ನಾಟಕದ 1957ರ ಕಾಯ್ದೆಯೊಂದು ನೀರಿನ ದರದ ಜೊತೆಗೆ ಬೆಟರ್‌ಮೆಂಟ್ ವಂತಿಗೆಯನ್ನೂ ವಿಧಿಸಲು ದಾರಿ ಮಾಡಿತ್ತು. ಕಾಲುವೆ ಬಂದದ್ದರಿಂದ ನಿಮ್ಮ ಹೊಲ ಬೆಟರ್ ಆಗಿದೆ, ಆದ್ದರಿಂದ ಕಟ್ಟಿ ಎಂಬುದು ಅದರ ತರ್ಕ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ನವಲಗುಂದ, ನರಗುಂದ ಸೀಮೆಯ ರೈತರ ಮೇಲೆ ಈ ಕರ ಬಿತ್ತು. ಹಲವರ ಹೊಲಕ್ಕೆ ನೀರು ಸರಿಯಾಗಿ ಮುಟ್ಟಿರಲಿಲ್ಲ, ಹತ್ತಿಯ ಬೆಲೆ ಕುಸಿದಿತ್ತು. ಯಾವುದಕ್ಕಿಂತ ಬೆಟರ್, ಯಾರಿಗೆ ಬೆಟರ್ ಎಂಬ ಪ್ರಶ್ನೆ ಅಲ್ಲಿ ವ್ಯಾಕರಣದ್ದಾಗಿರಲಿಲ್ಲ. ನೀರಿನ ಕರ ಮತ್ತು ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದ ಚಳವಳಿಯ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡರು. ರಾಜ್ಯದ ರೈತ ಚಳವಳಿ ಸಂಘಟಿತ ರೂಪ ಪಡೆದದ್ದು ಆ ಘಟನೆಯ ಬೆನ್ನಿಗೆ. ಕರ್ನಾಟಕದ ರೈತ ಸಂಘಟನೆಗಳು ಜುಲೈ 21ನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತವೆ.